ನಾಲ್ಕು ಸಾವಿರ ಪದದವಳು

ದಾಕ್ಷಾಯಿಣಿ ಸಿಟ್ಟಿನಲ್ಲೇ ಬಂದಳು. ಅವಳು ಬೇರೆ ಥರ ಬರುವುದೇ ಇಲ್ಲ, ಬಿಡಿ.

ಹೊಳೆಯ ಮೆಟ್ಟಿಲ ಮೇಲೆ ತಿಮ್ಮಾಜಮ್ಮನವರು ನೀರಿಗೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಈಗ ಆ ಮೆಟ್ಟಿಲೇ ಅವರ ಶಾಲೆ. ಬೋರ್ಡಿಲ್ಲ, ಬೆಂಚಿಲ್ಲ, ಫೀಸಿಲ್ಲ. ಬೈಗುಳಕ್ಕೆ ಮಾತ್ರ ಬರವಿರಲಿಲ್ಲ.

ದಾಕ್ಷಾಯಿಣಿ ಒಂದು ದಪ್ಪ ನೋಟ್‌ಬುಕ್ಕನ್ನು ಅವರ ಪಕ್ಕದಲ್ಲಿ ದೊಪ್ಪನೆ ಇಟ್ಟಳು.

"ಇದರಲ್ಲಿ ನಾಲ್ಕು ಸಾವಿರ ಇಂಗ್ಲಿಷ್ ಪದ ಇದೆ ಟೀಚರ್. ಎಲ್ಲಾ ಬಾಯಿಪಾಠ. ಆದ್ರೂ ಎರಡು ಸಲ ಫೇಲು."

"ಯಾವುದರಲ್ಲಿ?"

"ಬ್ಯಾಂಕ್ ಪರೀಕ್ಷೇಲಿ. ಲೆಕ್ಕದಲ್ಲಿ ಪಾಸು, ರೀಸನಿಂಗಲ್ಲಿ ಪಾಸು. ಇಂಗ್ಲಿಷಲ್ಲಿ ಒಂದು ಪುಟ ಕೊಟ್ಟು ಪ್ರಶ್ನೆ ಕೇಳ್ತಾರಲ್ಲ, ಅಲ್ಲಿ ಎರಡು ಸಲಾನೂ ಮುಗ್ಗರಿಸಿದೆ. ಇದು ಕೊನೇ ಸಲ. ಮುಂದಿನ ವರ್ಷ ವಯಸ್ಸು ದಾಟುತ್ತೆ, ಅರ್ಜಿ ಹಾಕೋ ಹಾಗೇ ಇಲ್ಲ."

"ನನ್ನಿಂದ ಏನಾಗಬೇಕು?"

"ಇನ್ನೊಂದು ಸಾವಿರ ಪದ ಹೇಳ್ಕೊಡಿ. ಕಷ್ಟದ್ದು."

ಕೇಳುವ ರೀತಿ ನೋಡಿ. ಸಾಲ ಕೊಟ್ಟವಳು ವಾಪಸು ಕೇಳಲು ಬಂದ ಹಾಗಿತ್ತು.

ಆದರೆ ಅವಳ ಸಿಟ್ಟಿಗೂ ಕಾರಣವಿತ್ತು. ಊರಿನ ಒಂದು ಬ್ಯಾಂಕಿನಲ್ಲಿ ಅವಳು ಏಳು ವರ್ಷದಿಂದ ದಿನಗೂಲಿ. ಓದು ಬಾರದವರು ಬಂದರೆ ಚಲನ್ ತುಂಬಿಕೊಡುವುದು, ಫೈಲು ಜೋಡಿಸುವುದು, ಯಾರು ಕರೆದರೂ ಓಡುವುದು. ಪರೀಕ್ಷೆ ಪಾಸಾಗಿ ಹೊಸದಾಗಿ ಬಂದ ಗುಮಾಸ್ತರಿಗೆ ಕೆಲಸ ಕಲಿಸುವವಳೂ ಅವಳೇ. ಏಳು ವರ್ಷದಲ್ಲಿ ನಾಲ್ಕು ಜನಕ್ಕೆ ಕಲಿಸಿದ್ದಳು. ಕಲಿತ ತಿಂಗಳಿಗೇ ನಾಲ್ವರೂ ಅವಳನ್ನು 'ಏಯ್, ಬಾರಮ್ಮ ಇಲ್ಲಿ' ಎಂದು ಕರೆಯತೊಡಗಿದ್ದರು. ಅವಳಿಗೆ ಆ ಕುರ್ಚಿ ಬೇಕಿತ್ತು. ಅವರು ಕೂತ ಕುರ್ಚಿಯೇ ಬೇಕಿತ್ತು.

ತಿಮ್ಮಾಜಮ್ಮನವರು ನೋಟ್‌ಬುಕ್ ತೆರೆದರು. ಒಂದೊಂದು ಪದವನ್ನೂ ಹತ್ತು ಹತ್ತು ಸಲ ಬರೆದಿತ್ತು. ಎದುರಿಗೆ ಕೆಂಪು ಇಂಕಿನಲ್ಲಿ ಕನ್ನಡ ಅರ್ಥ. ಪುಟ ತಿರುವಿದರು, ಇನ್ನೊಂದು ತಿರುವಿದರು, ಹೊಳೆ ಕಡೆ ನೋಡಿದರು.

"ಎಸೀತೀರಾ ನೀರಿಗೆ?" ದಾಕ್ಷಾಯಿಣಿ ಸೊಂಟದ ಮೇಲೆ ಕೈ ಇಟ್ಟಳು. "ಗುರುಗಳು ಅಂದ್ರೆ ಹಾಗೇ ಮಾಡ್ತಾರೆ ಅಂತ ಕೇಳಿದ್ದೀನಿ. ಎಸೆದ್ರೆ ನಾನು ಸುಮ್ನಿರಲ್ಲ, ಈಗಲೇ ಹೇಳಿದ್ದೀನಿ."

"ನಾನ್ಯಾಕೆ ಎಸೀಲಿ? ಮೀನುಗಳು ನನಗೇನು ಕೆಡುಕು ಮಾಡಿವೆ?"

ಅವಳಿಗೆ ನಗು ಬರಲಿಲ್ಲ.

"ಇದು ಓಟರ್ ಲಿಸ್ಟು ಕಣೇ," ಎಂದರು ತಿಮ್ಮಾಜಮ್ಮ. "ಹೆಸರು, ವಯಸ್ಸು, ಮನೆ ನಂಬರು, ಎಲ್ಲಾ ಸರಿಯಾಗಿದೆ. ಇವರಲ್ಲಿ ಒಬ್ಬರ ಮನೇಲಾದರೂ ಕೂತು ಒಂದು ಲೋಟ ಕಾಫಿ ಕುಡಿದಿದ್ದೀಯಾ?"

"ನಂಗೆ ಕಾಫಿ ಬೇಡ. ಮಾರ್ಕ್ಸ್ ಬೇಕು."

"ಆ ಪುಟ ಹೇಗೆ ಓದಬೇಕು ಅಂತ ಹೇಳ್ಕೊಟ್ಟಿದ್ದಾರೆ ನಿನಗೆ?"

"ಓದಬಾರದು ಅಂತ ಹೇಳ್ಕೊಟ್ಟಿದ್ದಾರೆ."

"ಏನಂದೆ?"

"ಟೈಮಿರಲ್ಲ ಟೀಚರ್. ಕೋಚಿಂಗ್ ಕ್ಲಾಸಲ್ಲಿ ಎಲ್ಲರಿಗೂ ಹೇಳೋದು ಅದನ್ನೇ. ಮೊದಲು ಪ್ರಶ್ನೆ ನೋಡ್ಬೇಕು. ಅದರಲ್ಲಿರೋ ದೊಡ್ಡ ಪದ ಪುಟದಲ್ಲಿ ಎಲ್ಲಿದೆ ಅಂತ ಹುಡುಕ್ಬೇಕು. ಸಿಕ್ಕಿದ ಕಡೆ ಮೇಲೊಂದು ಸಾಲು, ಕೆಳಗೊಂದು ಸಾಲು. ಅಷ್ಟರಲ್ಲಿ ಉತ್ತರ ಸಿಗುತ್ತೆ."

"ಯಾವ ಮನೆಹಾಳ ಹೇಳಿದ ಇದನ್ನ?"

"ಅವರು ಸಾವಿರಾರು ಜನಾನ ಪಾಸು ಮಾಡ್ಸಿದ್ದಾರೆ."

"ನಿನ್ನನ್ನ?"

ಅವಳ ಮೂಗಿನ ಹೊಳ್ಳೆ ಅರಳಿತು. ನೋಟ್‌ಬುಕ್ ಎತ್ತಿಕೊಂಡು ಹೊರಟೇಬಿಟ್ಟಳು. ನಾಲ್ಕು ಮೆಟ್ಟಿಲು ಹತ್ತಿ ನಿಂತಳು. ಹೋಗುವುದಾದರೂ ಎಲ್ಲಿಗೆ? ಊರಲ್ಲಿ ಫೀಸಿಲ್ಲದೆ ಇಂಗ್ಲಿಷ್ ಹೇಳಿಕೊಡುವವರು ಇನ್ನೊಬ್ಬರಿರಲಿಲ್ಲ. ಹಲ್ಲು ಕಚ್ಚಿಕೊಂಡು ಹಿಂತಿರುಗಿದಳು.

"ನಾಳೆಯಿಂದ ಸಂಜೆ ಆರಕ್ಕೆ," ಎಂದರು ತಿಮ್ಮಾಜಮ್ಮ, ತಿರುಗಿಯೂ ನೋಡದೆ. "ಭಾನುವಾರ ಬೆಳಿಗ್ಗೆ ಏಳಕ್ಕೆ."

ಮೂರು ವಾರ ನಡೆಯಿತು ಪಾಠ. ಪಾಠವೆಂದರೆ ಜಗಳ.

ತಿಮ್ಮಾಜಮ್ಮ ದಿನಕ್ಕೊಂದು ಪುಟ ಕೊಡುವರು. ದಾಕ್ಷಾಯಿಣಿ ಪೆನ್ಸಿಲು ತೆಗೆದು ಮೇಲಿಂದ ಕೆಳಕ್ಕೆ ಪದಗಳ ಸುತ್ತ ಗೆರೆ ಎಳೆಯುವಳು. ಅರ್ಥ ಒಪ್ಪಿಸುವಳು. ಒಂದೂ ತಪ್ಪಿರುತ್ತಿರಲಿಲ್ಲ.

"ಇವನು ಏನು ಹೇಳ್ತಿದ್ದಾನೆ?" ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು.

"ಪ್ರಶ್ನೆ ಕೊಟ್ರೆ ಹೇಳ್ತೀನಿ," ಎನ್ನುವಳು.

"ಅದೇ ಪ್ರಶ್ನೆ."

"ಅಂಥ ಪ್ರಶ್ನೆ ಪರೀಕ್ಷೇಲಿ ಬರಲ್ಲ."

"ಪರೀಕ್ಷೇಲಿ ಬರೋದೆಲ್ಲಾ ಅದೇ ಪ್ರಶ್ನೆ ಕಣೇ. ಬೇರೆ ಬೇರೆ ಬಟ್ಟೆ ಹಾಕ್ಕೊಂಡು ಬರುತ್ತೆ ಅಷ್ಟೆ."

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಮುದುಕಿ ನನ್ನ ಹೊತ್ತು ಹಾಳು ಮಾಡುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಶಪಿಸಿದಳು. ಪರೀಕ್ಷೆಗೆ ಎರಡೇ ತಿಂಗಳಿತ್ತು.

ಒಂದು ಶನಿವಾರ ತಿಮ್ಮಾಜಮ್ಮ ಕೈಬರಹದ ಒಂದು ಹಾಳೆ ಕೊಟ್ಟರು. ನೀಲಿ ಇಂಕು, ದುಂಡನೆಯ ಇಂಗ್ಲಿಷ್ ಅಕ್ಷರ.

"ಕೆಳಗೆ ಪ್ರಶ್ನೆ ಎಲ್ಲಿ ಟೀಚರ್?"

"ಪ್ರಶ್ನೆ ಇಲ್ಲ. ಓದು."

ದಾಕ್ಷಾಯಿಣಿ ಪೆನ್ಸಿಲು ತೆಗೆದಳು. ಹನ್ನೊಂದು ಪದ ಸಿಕ್ಕವು. ಗೆರೆ ಎಳೆದು ಎದ್ದು ನಿಂತು, ಬಟ್ಟೆ ಒಗೆಯುವವರಿಗೆಲ್ಲ ಕೇಳುವ ಹಾಗೆ ಒಪ್ಪಿಸಿದಳು.

"ಇರಾಸಿಬಲ್, ಮುಂಗೋಪಿ. ಆಬ್ಡ್ಯುರೇಟ್, ಹಟಮಾರಿ. ಇಂಪೆಚುಅಸ್, ದುಡುಕು ಸ್ವಭಾವದ." ಹೀಗೇ ಹನ್ನೊಂದೂ ಹೇಳಿ ಮುಗಿಸಿದಳು. "ಹನ್ನೊಂದಕ್ಕೆ ಹನ್ನೊಂದು ಟೀಚರ್."

"ಭೇಷ್. ಇನ್ನೇನಾದರೂ ಇದೆಯಾ ಆ ಹಾಳೇಲಿ?"

"ಇನ್ನೇನೂ ಇಲ್ಲ. ಉಳಿದಿದ್ದೆಲ್ಲಾ ಸುಲಭದ ಪದ."

ತಿಮ್ಮಾಜಮ್ಮನವರ ಮುಖ ಕೆಂಪಾಯಿತು. ಸೆರಗು ಕೊಡವಿ ಎದ್ದು ಮನೆಗೆ ಹೋದರು.

ಮರುದಿನ ಭಾನುವಾರ. ದಾಕ್ಷಾಯಿಣಿ ಏಳಕ್ಕೆ ಸರಿಯಾಗಿ ಹೊಳೆಗೆ ಬಂದಳು. ಅಂದು ಅಮಾವಾಸ್ಯೆ. ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ಮುಳುಗುವವರು, ತಲೆ ಒರೆಸಿಕೊಳ್ಳುವವರು, ಒದ್ದೆ ಸೀರೆ ಹಿಂಡುವವರು. ಟೀಚರ್ ಇರಲಿಲ್ಲ.

ಎಂಟಾಯಿತು. ಒಂಬತ್ತಾಯಿತು. ವಾರಕ್ಕೊಂದೇ ರಜೆ ಅವಳಿಗೆ. ಮನೆಯ ಬಟ್ಟೆಯನ್ನೆಲ್ಲ ನೆನೆಹಾಕಿ ಹಾಗೇ ಬಿಟ್ಟು ಬಂದಿದ್ದಳು. ಯಾರದೋ ತಂಬಿಗೆಯ ನೀರು ಮೈಮೇಲೆ ಬಿತ್ತು. ಅವರ ಜೊತೆ ಒಂದು ಸುತ್ತು ಜಗಳವಾಯಿತು.

ಹತ್ತರ ಹೊತ್ತಿಗೆ ಹೊಳೆಯ ಆಚೆ ದಡಕ್ಕೆ ಕಣ್ಣು ಹೋಯಿತು. ಅಲ್ಲಿನ ಪಾಳು ಮಂಟಪದ ನೆರಳಲ್ಲಿ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಯಾರೋ ಮುದುಕಿ ಹಾಯಾಗಿ ಕೂತಿದ್ದಾರೆ. ಪಕ್ಕದಲ್ಲಿ ಕಪ್ಪು ಕೊಡೆ. ತಿಮ್ಮಾಜಮ್ಮನವರೇ.

"ಟೀಚರ್," ಎಂದು ಕಿರುಚಿದಳು.

ಅವರು ತಲೆ ಎತ್ತಿ ನೋಡಿದರು. ಪುಟ ತಿರುಗಿಸಿದರು.

ಸೇತುವೆ ಸುತ್ತಿ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಮಂಟಪ ಹತ್ತುವಾಗಲೇ ದಾಕ್ಷಾಯಿಣಿ ಶುರು ಮಾಡಿದಳು.

"ನನ್ನನ್ನ ಏನಂದ್ಕೊಂಡಿದ್ದೀರಿ? ಮೂರು ಗಂಟೆ ನಿಂತೆ ಅಲ್ಲಿ. ನೋಡ್ಕೊಂಡು ಕೂತಿದ್ರಿ ನೀವು. ದಿನಗೂಲಿ ಹೆಂಗಸು, ಇವಳ ಹೊತ್ತಿಗೆ ಬೆಲೆ ಇಲ್ಲ ಅಂತ ತಾನೆ? ಬ್ಯಾಂಕಲ್ಲಿ ಅವರು ಹೀಗೆ, ಇಲ್ಲಿ ನೀವು ಹೀಗೆ. ಎಲ್ಲರಿಗೂ ನಾನು ಬಿಟ್ಟಿ ಸಿಕ್ಕಿದ್ದೀನಿ. ಜಾಗ ಬದಲಾಯಿಸೋದಾದ್ರೆ ಒಂದು ಮಾತು ಹೇಳೋಕೆ ಏನು ಕಷ್ಟ?"

"ಹೇಳಿದ್ದೆ."

"ಯಾವಾಗ?"

"ನಿನ್ನೆ."

"ಸುಳ್ಳು. ನಿನ್ನೆ ನೀವು ಮಾತೇ ಆಡದೆ ಎದ್ದು ಹೋದ್ರಿ."

"ಆಡಲಿಲ್ಲ. ಬರೆದುಕೊಟ್ಟಿದ್ದೆ."

ದಾಕ್ಷಾಯಿಣಿ ಬ್ಯಾಗಿನಿಂದ ಹಾಳೆ ಎಳೆದಳು. ಹನ್ನೊಂದು ಗೆರೆಗಳು ಹಾಗೇ ಇದ್ದವು. ಈ ಸಲ ಪೆನ್ಸಿಲು ತೆಗೆಯಲಿಲ್ಲ. ಮೊದಲ ಸಾಲಿನಿಂದ ಓದಿದಳು.

"ಗಟ್ಟಿಯಾಗಿ," ಎಂದರು ತಿಮ್ಮಾಜಮ್ಮ. "ಕನ್ನಡದಲ್ಲಿ ಹೇಳು. ನಿಮ್ಮಮ್ಮನಿಗೆ ಕಾಗದ ಓದಿ ಹೇಳೋ ಹಾಗೆ."

ಅವಳು ತಡವರಿಸುತ್ತ ಹೇಳಿದಳು.

"ನನ್ನ ಹತ್ತಿರ ಒಬ್ಬಳು ಪಾಠಕ್ಕೆ ಬರ್ತಾಳೆ. ಮುಂಗೋಪಿ. ಹಟಮಾರಿ." ಅಲ್ಲಿಗೆ ನಿಂತಳು. "ಇದು..."

"ಮುಂದಕ್ಕೆ ಓದು."

"ನಾಲ್ಕು ಜನಕ್ಕೆ ಕೆಲಸ ಕಲಿಸಿದ್ದಾಳೆ. ಆ ನಾಲ್ಕು ಜನರ ಕೈಕೆಳಗೇ ದುಡೀತಾಳೆ." ತಲೆ ಎತ್ತಿದಳು. "ನೀವು ನನ್ನ ಬಗ್ಗೆ ಬರೆದಿದ್ದೀರಾ? ನನ್ನನ್ನ ಕೇಳದೆ?"

"ಮುಂದಕ್ಕೆ."

"ಅವಳ ಸಿಟ್ಟು ನ್ಯಾಯವಾದದ್ದು."

ದಾಕ್ಷಾಯಿಣಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ಅಷ್ಟು ವರ್ಷದಲ್ಲಿ ಯಾರೂ ಆ ಮಾತು ಹೇಳಿರಲಿಲ್ಲ. ಸಿಟ್ಟು ಕಡಿಮೆ ಮಾಡ್ಕೊ ಅಂದವರೇ ಎಲ್ಲ. ಮನೆಯವರು, ಮ್ಯಾನೇಜರು, ಬೀದಿಯ ಕೊನೆಯ ಜ್ಯೋತಿಷಿ ಕೂಡ. ನಿನ್ನೆ ಈ ಸಾಲು ಅವಳ ಕೈಯಲ್ಲೇ ಇತ್ತು. ಅದರಲ್ಲಿ ಕಷ್ಟದ ಪದವಿಲ್ಲವೆಂದು ದಾಟಿಹೋಗಿದ್ದಳು. ಈಗ ಅಳು ಬಂತು. ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಕಣ್ಣೊರೆಸಿಕೊಂಡು ಓದಿದಳು.

"ಆದರೆ ಆ ಸಿಟ್ಟನ್ನ ಅವಳು ಕಾಗದದ ಮೇಲೆ ತೀರಿಸಿಕೊಳ್ತಾಳೆ. ಬರೆದವರು ಮಾತು ಮುಗಿಸೋಕೆ ಮುಂಚೆ ಪೆನ್ಸಿಲು ಹಿಡಿದು ಮೇಲೆ ಬೀಳ್ತಾಳೆ. ನಾಳೆ ಅಮಾವಾಸ್ಯೆ, ಮೆಟ್ಟಿಲ ಮೇಲೆ ಜನ ಇರ್ತಾರೆ. ನಾನು ಆಚೆ ದಡದ ಮಂಟಪದಲ್ಲಿ ಕೂತಿರ್ತೀನಿ. ಇದನ್ನ ಓದಿದ್ದರೆ ಅಲ್ಲಿಗೆ ಬರ್ತಾಳೆ."

ಹಾಳೆ ಮುಗಿಯಿತು. ದಾಕ್ಷಾಯಿಣಿ ಅದನ್ನು ಮಡಿಸಿ ಕೈಯಲ್ಲೇ ಇಟ್ಟುಕೊಂಡಳು. ಅವಮಾನದಿಂದ ಕಿವಿ ಉರಿಯುತ್ತಿತ್ತು.

"ಕೂತ್ಕೋ," ಎಂದರು ತಿಮ್ಮಾಜಮ್ಮ. ಅವರ ದನಿಯೂ ಮೆತ್ತಗೇನಿರಲಿಲ್ಲ. "ಬ್ಯಾಂಕಿಗೆ ಬರೋ ಜನ ನಿನ್ನ ಹತ್ತಿರ ಏನು ಕೇಳ್ತಾರೆ?"

"ಚಲನ್ ತುಂಬಿಕೊಡು ಅಂತಾರೆ. ಅದನ್ನೂ ನೆಟ್ಟಗೆ ಹೇಳಲ್ಲ. ಮಗಳ ಬಾಣಂತನದಿಂದ ಶುರು ಮಾಡ್ತಾರೆ."

"ನೀನೇನು ಮಾಡ್ತೀಯ?"

"ಕೇಳಿಸ್ಕೋತೀನಿ. ಪೂರ್ತಿ ಕೇಳದೆ ಅವರಿಗೆ ಯಾವ ಫಾರಂ ಬೇಕು ಅಂತ ಹೇಗೆ ಗೊತ್ತಾಗ್ಬೇಕು?"

"ಅವರ ಮಾತಲ್ಲಿ ನಿನಗೆ ಗೊತ್ತಿಲ್ಲದ ಪದ ಬಂದರೆ?"

"ಬರ್ತಾನೇ ಇರುತ್ತೆ. ಬೆಟ್ಟದ ಮೇಲಿಂದ ಸೋಲಿಗರು ಬರ್ತಾರೆ. ಅವರ ಅರ್ಧ ಮಾತು ನಂಗೆ ಗೊತ್ತಾಗಲ್ಲ. ಆದ್ರೆ ಏನಕ್ಕೆ ಬಂದಿದ್ದಾರೆ ಅನ್ನೋದು ಗೊತ್ತಾಗುತ್ತೆ. ಒಂದು ಮಾತು ಬಿಟ್ಟುಹೋದ್ರೆ ಮುಂದಿನ ಮಾತಲ್ಲಿ ಸಿಗುತ್ತೆ."

"ಯಾವತ್ತಾದರೂ ತಪ್ಪು ಫಾರಂ ಕೊಟ್ಟಿದ್ದೀಯಾ?"

"ಏಳು ವರ್ಷದಲ್ಲಿ ಒಂದು ಸಲಾನೂ ಇಲ್ಲ."

"ಮತ್ತೆ ಪರೀಕ್ಷೆ ಪುಟ ಬರೆದೋನು ನಿನಗೇನು ಅನ್ಯಾಯ ಮಾಡಿದ್ದಾನೆ? ಅವನ ಮಾತು ಯಾಕೆ ಪೂರ್ತಿ ಕೇಳಲ್ಲ?"

ದಾಕ್ಷಾಯಿಣಿ ಮಡಿಸಿದ ಹಾಳೆಯನ್ನು ಬ್ಯಾಗಿಗೆ ತುರುಕಿದಳು.

"ಬ್ಯಾಂಕಿಗೆ ಬರೋರು ನಮ್ಮ ಜನ ಟೀಚರ್. ಈ ಇಂಗ್ಲಿಷ್ ಪುಟ ಬರೆಯೋರು ನನ್ನನ್ನ ಫೇಲ್ ಮಾಡೋಕಂತಾನೇ ಬರೆದಿರ್ತಾರೆ."

ತಿಮ್ಮಾಜಮ್ಮನವರಿಗೆ ರೇಗಿಹೋಯಿತು. ಪುಸ್ತಕ ಪಟ್ಟನೆ ಮುಚ್ಚಿದರು.

"ಅವನಿಗೆ ನೀನು ಯಾರು ಅಂತಾನೇ ಗೊತ್ತಿಲ್ಲ ಕಣೇ. ಜೇನುಹುಳದ ಬಗ್ಗೆಯೋ ರೈಲಿನ ಬಗ್ಗೆಯೋ ಏನೋ ಹೇಳಬೇಕು ಅಂತ ಒದ್ದಾಡ್ಕೊಂಡು ಬರೆದಿರ್ತಾನೆ. ಪರೀಕ್ಷೆಯೋರು ಅದನ್ನ ತಂದು ನಿನ್ನ ಮುಂದೆ ಇಟ್ಟಿದ್ದಾರೆ. ನಿನ್ನ ಕೌಂಟರಿಗೆ ಬಂದು ನಿಂತಿದ್ದಾನೆ ಅವನೂ. ನೀನು ಅವನ ಜೇಬಿಗೆ ಕೈ ಹಾಕಿ ಪದ ಹುಡುಕ್ತಾ ಇದ್ದೀಯ."

ಅವಳು ಜಗಳವಾಡದೆ ಪೆನ್ಸಿಲನ್ನು ಅವರ ಕೈಗಿಟ್ಟಳು. ಅಪರೂಪ.

ಅಂದಿನಿಂದ ಪಾಠದ ರೀತಿ ಬದಲಾಯಿತು. ಪೆನ್ಸಿಲು ಟೀಚರ ಸೊಂಟಕ್ಕೆ ಸೇರಿತು. ಒಂದು ಪುಟ, ಒಂದೇ ಓದು. ಓದಿ ಮುಗಿಸಿ, ಹಾಳೆ ಮಗುಚಿಟ್ಟು, ಬರೆದವನು ಏನು ಹೇಳಿದ ಎಂದು ಕನ್ನಡದಲ್ಲಿ ಹೇಳಬೇಕು. ತನ್ನದು ಒಂದು ಮಾತೂ ಸೇರಿಸುವ ಹಾಗಿಲ್ಲ.

ಇದು ಪದ ಬಾಯಿಪಾಠ ಮಾಡಿದ್ದಕ್ಕಿಂತ ಹತ್ತು ಪಾಲು ಕಷ್ಟವಾಯಿತು. ಯಾಕೆಂದರೆ ದಾಕ್ಷಾಯಿಣಿಗೆ ಎರಡನೇ ಸಾಲಿಗೇ ಬರೆದವನ ಮೇಲೆ ರೇಗುತ್ತಿತ್ತು.

"ಹಳೇ ಕಾಲದಲ್ಲಿ ಹೆಂಗಸರಿಗೆ ಬಿಡುವು ಜಾಸ್ತಿ ಇತ್ತಂತೆ. ಇವನಿಗೇನು ತಲೆಕೆಟ್ಟಿದೆಯಾ ಟೀಚರ್?"

"ಅವನು ಹಾಗಂದನಾ?"

"ಇಲ್ಲೇ ಇದೆ ನೋಡಿ."

"ಪೂರ್ತಿ ಓದು."

ಪೂರ್ತಿ ಓದಿದರೆ, ಹಾಗೆಂದು ಜನ ತಪ್ಪು ತಿಳಿದಿದ್ದಾರೆ ಎಂದು ಬರೆದಿರುತ್ತಿತ್ತು. ಅವಳು ಬೈದದ್ದು ತನ್ನ ಪರವಾಗಿ ಮಾತಾಡಿದವನನ್ನೇ. ಮುಖ ಸಣ್ಣದಾಗುತ್ತಿತ್ತು.

"ಅವನು ಮಾತು ಮುಗಿಸಲಿ," ಎನ್ನುವರು ತಿಮ್ಮಾಜಮ್ಮ. "ಮುಗಿಸಿದ ಮೇಲೂ ಬೈಯಬೇಕು ಅನ್ನಿಸಿದರೆ ಬೈಯಿ. ನಾನೂ ಸೇರ್ಕೋತೀನಿ."

ಗೊತ್ತಿಲ್ಲದ ಪದದ ಅರ್ಥ ಕೇಳಿದರೆ ಹೇಳುತ್ತಿರಲಿಲ್ಲ.

"ನನ್ನನ್ನ ಯಾಕೆ ಕೇಳ್ತೀಯ? ನಿನ್ನ ಸೋಲಿಗರನ್ನ ಕೇಳೋ ಹಾಗೆ ಅವನನ್ನೇ ಕೇಳು. ಮುಂದಿನ ಸಾಲಲ್ಲಿ ಹೇಳ್ತಾನೆ."

ಎಷ್ಟೋ ಸಲ ಹೇಳುತ್ತಿದ್ದ. ಹೇಳದೇ ಹೋದಾಗ ಅವಳು ಕನ್ನಡದಲ್ಲಿ ಊಹಿಸುವಳು. ಟೀಚರ್ ಹೂಂ ಎನ್ನುವರು, ಇಲ್ಲವೇ ಉಹೂಂ ಎನ್ನುವರು. ಹೀಗೆ ಸಿಕ್ಕ ಪದ ಮರೆಯುತ್ತಿರಲಿಲ್ಲ ಎಂಬುದು ತಿಂಗಳ ಮೇಲೆ ಅವಳಿಗೇ ತಿಳಿಯಿತು. ಒಂದೊಂದು ಪದಕ್ಕೂ ಈಗ ಒಂದೊಂದು ಮನೆ ಇತ್ತು, ಜಗಳವಿತ್ತು, ಬರೆದವನ ಮುಖವಿತ್ತು. ಆದರೆ ಅದನ್ನು ಟೀಚರ್ ಮುಂದೆ ಒಪ್ಪಿಕೊಳ್ಳಲು ಅವಳೇನು ದಡ್ಡಿಯೇ?

ಪರೀಕ್ಷೆ ಬಂತು. ದಾಕ್ಷಾಯಿಣಿ ಬೆಳಿಗ್ಗೆಯ ಬಸ್ಸಿಗೆ ಜಿಲ್ಲಾ ಕೇಂದ್ರಕ್ಕೆ ಹೋದಳು.

ಅವಳು ಈ ಸಲ ಪಾಸಾದಳು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲವರಿಗೆ ಅದು ಗೊತ್ತಾಗುವವರೆಗೆ ಮುಂದಿನ ಮಾತು ಕಿವಿಗೆ ಇಳಿಯುವುದಿಲ್ಲ. ಎರಡನೇ ಸುತ್ತಿನ ಪರೀಕ್ಷೆಯೂ ಮುಗಿಯಿತು, ಕುರ್ಚಿಯೂ ಸಿಕ್ಕಿತು. ಆದರೆ ಅದು ಮುಂದಿನ ಮಾತು. ಪರೀಕ್ಷೆ ಬರೆದ ದಿನ ಸಂಜೆ ಅವಳಿಗೆ ಅದೊಂದೂ ಗೊತ್ತಿರಲಿಲ್ಲ. ಬಸ್ಸಿಳಿದವಳು ಮನೆಗೂ ಹೋಗದೆ ನೇರ ಹೊಳೆಗೆ ಬಂದಳು.

ಮೆಟ್ಟಿಲಿಳಿಯುವ ಸದ್ದಿನಿಂದಲೇ ತಿಮ್ಮಾಜಮ್ಮನವರಿಗೆ ಗೊತ್ತಾಯಿತು. ಇಷ್ಟು ಸಿಟ್ಟಿನಲ್ಲಿ ಅವಳು ಎಂದೂ ಬಂದಿರಲಿಲ್ಲ.

"ಮತ್ತೆ ಹೋಯ್ತಾ?" ಎಂದು ಕೇಳಿದರು.

"ಅವನ ಕೈ ಸೇದಿಹೋಗ," ಎಂದಳು ದಾಕ್ಷಾಯಿಣಿ.

"ಯಾರದ್ದು?"

"ಆ ಪುಟ ಬರೆದವನದ್ದು."

ತಿಮ್ಮಾಜಮ್ಮ ಪಕ್ಕದ ಮೆಟ್ಟಿಲು ಕೈಯಿಂದ ತಟ್ಟಿದರು. ಅವಳು ಕೂರಲಿಲ್ಲ.

"ಬ್ಯಾಂಕಿನ ಬಗ್ಗೆ ಬರೆದಿದ್ದಾನೆ ಟೀಚರ್. ಹಳ್ಳಿ ಜನ ಫಾರಂ ತುಂಬೋಕೆ ಬೇರೆಯವರ ಹತ್ತಿರ ಹೋಗ್ತಾರಲ್ಲ, ಅದು ಸೋಮಾರಿತನ ಅಂತೆ. ಇಪ್ಪತ್ತು ವರ್ಷದಿಂದ ಅದೇ ಫಾರಂ, ಕಲಿಯೋ ಮನಸ್ಸೇ ಇಲ್ಲವಂತೆ. ತುಂಬಿಕೊಡೋರನ್ನ ತೆಗೆದುಹಾಕಿ ಒಂದು ಮಿಷನ್ ಇಟ್ಟರೆ ತಾನಾಗೇ ಕಲೀತಾರಂತೆ."

"ಪೂರ್ತಿ ಓದಿದೆಯಾ? ಕೊನೇಲಿ ಅವನೇ ಅದನ್ನ ತಪ್ಪು ಅಂದಿರಬಹುದು."

"ಪೂರ್ತಿ ಓದಿದೆ. ಎರಡು ಸಲ ಓದಿದೆ. ಅನ್ನಲಿಲ್ಲ. ಮೊದಲಿಂದ ಕೊನೇವರೆಗೆ ಅವನ ವಾದ ಅದೇ. ಅದೂ ಕೇಳಿ, ಎರಡನೇ ಪ್ಯಾರಾದಲ್ಲಿ ಫಾರಮ್ಮು ಇಂಗ್ಲಿಷಲ್ಲಿದೆ ಅಂತ ತಾನೇ ಒಪ್ಕೋತಾನೆ. ನಾಲ್ಕನೇ ಪ್ಯಾರಾಕ್ಕೆ ಬರೋಷ್ಟರಲ್ಲಿ ಮರೆತೇಬಿಡ್ತಾನೆ. ಜನಕ್ಕೆ ಬರದ ಭಾಷೇಲಿ ಕಾಗದ ಕೊಟ್ಟು, ತುಂಬಲಿಲ್ಲ ಅಂದ್ರೆ ಸೋಮಾರಿ ಅನ್ನೋದಾ?"

"ಗೊತ್ತಿಲ್ಲದ ಪದ ಎಷ್ಟಿತ್ತು?"

"ಯಾರು ಎಣಿಸಿದ್ರು? ಅವನು ಹೇಳೋದು ಕನ್ನಡಿ ಹಾಗೆ ಕಾಣ್ತಿತ್ತು ನಂಗೆ."

"ಪ್ರಶ್ನೆ?"

"ಲೇಖಕರ ಪ್ರಕಾರ ಜನ ಫಾರಂ ತುಂಬದೇ ಇರೋಕೆ ಕಾರಣ ಏನು ಅಂತ ಇತ್ತು. ಇಂಗ್ಲಿಷ್ ಬರಲ್ಲ ಅನ್ನೋದು ಒಂದು ಉತ್ತರ. ಕಲಿಯೋ ಮನಸ್ಸಿಲ್ಲ ಅನ್ನೋದು ಇನ್ನೊಂದು."

"ಕಂಪ್ಯೂಟರಲ್ಲಿ ಯಾವುದನ್ನ ಒತ್ತಿದೆ?"

ದಾಕ್ಷಾಯಿಣಿ ಮುಷ್ಟಿ ಬಿಗಿದಳು.

"ಮನಸ್ಸಿಲ್ಲ ಅನ್ನೋದನ್ನ. ಒತ್ತುವಾಗ ಕೈ ಉರೀತು ಟೀಚರ್. ಆದ್ರೆ ಅವನು ಹೇಳಿದ್ದು ಅದೇ. ಅವರು ಕೇಳಿದ್ದು ಅವನ ಮಾತು, ನನ್ನದಲ್ಲ."

ತಿಮ್ಮಾಜಮ್ಮನವರು ಸೆರಗಿನಿಂದ ಕನ್ನಡಕ ಒರೆಸಿದರು, ಬಹಳ ಹೊತ್ತು ಒರೆಸಿದರು. ಅವರಿಗೆ ತುಂಬಾ ಸಂತೋಷವಾಗಿತ್ತು.

"ಉಳಿದಿದ್ದಕ್ಕೂ ಉತ್ತರ ಕೊಟ್ಟೆ," ಎಂದಳು ದಾಕ್ಷಾಯಿಣಿ. "ಎಲ್ಲಾ ಸರಿ ಇದೆ, ನಂಗೊತ್ತು. ಆದ್ರೆ ನನ್ನ ಹೊಟ್ಟೆ ಉರೀತಾ ಇದೆ. ಏಳು ವರ್ಷ ಆ ಜನರ ಮಾತು ಕೇಳಿದ್ದೀನಿ ನಾನು. ಎಷ್ಟು ನಾಚಿಕೊಂಡು ಬಂದು ಕೇಳ್ತಾರೆ ಅಂತ ನೋಡಿದ್ದೀನಿ. ಅವರನ್ನ ಸೋಮಾರಿಗಳು ಅಂತ ಅಚ್ಚು ಹಾಕ್ಸಿದ್ದಾನೆ. ಊರೂರಲ್ಲಿ ಹುಡುಗರು ಇವತ್ತು ಅದನ್ನ ಸರಿಯುತ್ತರ ಅಂತ ಒತ್ತಿ ಬಂದಿದ್ದಾರೆ. ಅವನಿಗೆ ಉತ್ತರ ಕೊಡೋರು ಯಾರು?"

ತಿಮ್ಮಾಜಮ್ಮನವರು ಸೊಂಟದಿಂದ ಪೆನ್ಸಿಲು ತೆಗೆದು ಅವಳ ಮುಂದೆ ಹಿಡಿದರು.

"ಈ ಪ್ರಶ್ನೆಗೆ ಎ, ಬಿ, ಸಿ, ಡಿ ಕೊಟ್ಟಿಲ್ಲ ಕಣೇ. ಕೂತು ಬರಿ."